ಗೇರುಹಣ್ಣಿನ ಸೋರ್ಬೆ

ಫೆಬ್ರವರಿ ಕಳೆಯಿತೆಂದರೆ ನಮ್ಮ ಕಾಸರಗೋಡಿನ ಗುಡ್ಡಗಳಲ್ಲೆಲ್ಲ ಗೇರುಹಣ್ಣಿನ ಪರಿಮಳ. ಕೆಂಪು, ಹಳದಿ ಹಣ್ಣುಗಳು ಮರದಡಿ ಹಾಸಿ ಬಿದ್ದಿರುತ್ತವೆ. ನಾವು ಮಾಡುವುದೇನು? ಬೀಜ ತಿರುಚಿ ಚೀಲಕ್ಕೆ ಹಾಕುತ್ತೇವೆ, ಹಣ್ಣನ್ನು ಅಲ್ಲೇ ಎಸೆಯುತ್ತೇವೆ. ಬೀಜಕ್ಕಿಂತ ಹಣ್ಣಿನ ತೂಕ ಐದರಿಂದ ಹತ್ತು ಪಟ್ಟು ಹೆಚ್ಚು. ಅಂದರೆ ಒಂದು ಕಿಲೋ ಬೀಜ ಮಾರಿದ ಮನೆಯವರು ಕಡಿಮೆಯೆಂದರೂ ಐದು ಕಿಲೋ ಹಣ್ಣನ್ನು ಮಣ್ಣಿಗೆ ಬಿಟ್ಟಿದ್ದಾರೆ ಎಂದಾಯಿತು. ಕಿತ್ತಳೆಯಲ್ಲಿರುವುದಕ್ಕಿಂತ ನಾಲ್ಕೈದು ಪಟ್ಟು ‘ಸಿ’ ಜೀವಸತ್ವ ಇರುವ ಹಣ್ಣಿದು. ಪೇಟೆಗೆ ಹೋಗಿ ಕಿತ್ತಳೆಗೆ ದುಡ್ಡು ಕೊಡುವ ನಾವೇ ಇದನ್ನು ಕಾಲಲ್ಲಿ ಸರಿಸಿ ನಡೆಯುತ್ತೇವೆ!

ಗೇರುಮರ ನಮ್ಮೂರಿನದ್ದಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಮಲಯಾಳದಲ್ಲಿ ಇದನ್ನು ‘ಪರಂಗಿಮಾವು’ ಎಂದು ಕರೆಯುವುದು ಅದಕ್ಕೇ. ಗೋವಾದವರು ಹಣ್ಣನ್ನು ಬಿಡಲಿಲ್ಲ, ಫೆನ್ನಿ ಇಳಿಸಿದರು. 2009ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ನಾವು ಈ ಸಲ ಹೇಳಹೊರಟದ್ದು ಅಜ್ಜಿಯಿಂದ ಮೊಮ್ಮಗುವಿನ ತನಕ ಎಲ್ಲರೂ ಒಟ್ಟಿಗೆ ಕೂತು ತಿನ್ನಬಹುದಾದ ಸೋರ್ಬೆಯ ಬಗ್ಗೆ.

ಸೋರ್ಬೆ ಅಂದರೆ ಗಾಬರಿ ಬೇಡ. ನಮ್ಮ ಶರಬತ್ತಿನ ಮನೆತನದ್ದೇ ಶಬ್ದ ಅದು. ಅರಬ್ಬಿ, ತುರ್ಕಿ ಭಾಷೆಗಳಿಂದ ಇಟಲಿಗೆ ಹೋಗಿ ಹೆಸರು ಬದಲಾಯಿಸಿಕೊಂಡಿತು. ಹಣ್ಣಿನ ರಸ, ಸಕ್ಕರೆ, ಸ್ವಲ್ಪ ಹುಳಿ, ಇಷ್ಟೇ. ಹಾಲಿಲ್ಲ, ಕೆನೆಯಿಲ್ಲ, ಮೊಟ್ಟೆಯಿಲ್ಲ. ಐಸ್‌ಕ್ರೀಮಿನ ಯಂತ್ರವೂ ಬೇಡ.

ಮಾಡುವ ಕ್ರಮಕ್ಕೆ ಹೋಗುವ ಮುಂಚೆ ಇನ್ನೊಂದು ಮಾತು ಹೇಳಲೇಬೇಕು. “ಈ ಗೇರುಹಣ್ಣನ್ನು ತಿನ್ನಬಹುದಾ?” ಎಂದು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಕೇಳಿದರೆ ನಗಬಾರದು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಮದ್ದು ತೋಟದ ಬೇಲಿಯೊಳಗೆ ನಿಲ್ಲಲಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರುಗಳ ತೋಡಿಗೂ ಬಾವಿಗೂ ಇಳಿಯಿತು. ಪಡ್ರೆಯ ವಾಣಿನಗರದಲ್ಲಿ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳನ್ನು ಕಂಡು ಅನುಮಾನಪಟ್ಟರು, ಪತ್ರಕರ್ತ ಶ್ರೀಪಡ್ರೆಯವರು ಬರೆದರು, ಪೆರಿಯದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು ದೇಶಕ್ಕೇ ಈ ವಿಷವನ್ನು ನಿಷೇಧಿಸಿದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ಐದೈದು ಲಕ್ಷ ಕೊಡಬೇಕೆಂದು ಹೇಳಿದ್ದು 2017ರ ಜನವರಿಯಲ್ಲಿ. ಆಗ ಹುಟ್ಟಿದ ಮಕ್ಕಳಲ್ಲಿ ಕೆಲವರು ದೊಡ್ಡವರಾದರೂ ಹಾಸಿಗೆಯಲ್ಲೇ ಇದ್ದಾರೆ. ಅವರನ್ನು ಎತ್ತಿ ಮಲಗಿಸುವ ಅಮ್ಮಂದಿರಿಗೆ ಈಗ ವಯಸ್ಸಾಗಿದೆ.

ಹಾಗಾಗಿ ನಮ್ಮ ಅಡುಗೆಮನೆಯ ಮೊದಲ ನಿಯಮ: ಮದ್ದು ಬಿಟ್ಟ ಮರದ ಹಣ್ಣು ಬೇಡ. ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆಯ ಕಾಟಕ್ಕೆಂದು ಈಗಲೂ ಬೇರೆ ಬೇರೆ ಮದ್ದು ಹೊಡೆಯುವವರಿದ್ದಾರೆ. ಸ್ವಂತ ಹಿತ್ತಿಲಿನ ಹಣ್ಣಾದರೆ ನಮಗೇ ಗೊತ್ತಿರುತ್ತದೆ. ನೆರೆಮನೆಯದ್ದಾದರೆ “ಅಣ್ಣ, ಈ ವರ್ಷ ಮದ್ದು ಬಿಟ್ಟಿದ್ದೀರಾ?” ಎಂದು ಕೇಳಿಬಿಡಿ. ಸಂಕೋಚಪಡುವ ವಿಷಯವಲ್ಲ ಇದು.

ಹಣ್ಣು ಅಂದೇ ಬಿದ್ದದ್ದು ಅಥವಾ ಕೊಯ್ದದ್ದು ಆಗಬೇಕು. ಒಂದು ದಿನ ಇಟ್ಟರೆ ಹುಳಿ ಬರತೊಡಗುತ್ತದೆ. ಬೀಜವನ್ನು ದೊಡ್ಡವರೇ ತಿರುಚಿ ತೆಗೆಯಿರಿ. ಅದರ ಸಿಪ್ಪೆಯ ಎಣ್ಣೆ ತಾಗಿದರೆ ಮಕ್ಕಳ ತುಟಿ, ಕೈ ಸುಟ್ಟ ಹಾಗಾಗುತ್ತದೆ. ಹಣ್ಣಿನ ರಸದ ಕಲೆಯಂತೂ ಬಟ್ಟೆ ಬಿಟ್ಟು ಹೋಗುವುದಿಲ್ಲ. ಹಳೆಯ ಅಂಗಿ ಹಾಕಿಕೊಂಡೇ ಕೂರಿ.

ಒಂದು ಕಿಲೋ ಹಣ್ಣನ್ನು ಚೆನ್ನಾಗಿ ತೊಳೆದು, ತುಂಡು ಮಾಡಿ ಮಿಕ್ಸಿಯಲ್ಲಿ ತಿರುಗಿಸಿ, ತೆಳು ಬಟ್ಟೆಯಲ್ಲಿ ಹಿಂಡಿದರೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ರಸ ಬರುತ್ತದೆ. ಸ್ಟೀಲು ಅಥವಾ ಗಾಜಿನ ಪಾತ್ರೆಯೇ ಆಗಬೇಕು, ಕಬ್ಬಿಣ ತಾಗಿದರೆ ರಸ ಕಪ್ಪಾಗುತ್ತದೆ. ಈ ರಸ ಹಾಗೇ ಕುಡಿದರೆ ಗಂಟಲು ಕೆರೆಯುತ್ತದೆ. ಅದರ ಒಗರೇ ಇಷ್ಟು ಜನ ಈ ಹಣ್ಣನ್ನು ದೂರ ಇಡಲು ಕಾರಣ. ಒಗರು ತೆಗೆಯುವ ಉಪಾಯ ಮಾತ್ರ ನಮ್ಮ ಒಲೆಯ ಮೇಲೆಯೇ ಇದೆ: ಗಂಜಿತಿಳಿ! ಕೇರಳ ಕೃಷಿ ವಿಶ್ವವಿದ್ಯಾಲಯದವರು ಹೇಳಿಕೊಡುವುದೂ ಇದನ್ನೇ. ಒಂದು ಲೀಟರ್ ರಸಕ್ಕೆ 125 ಮಿಲಿ, ಅಂದರೆ ನಮ್ಮ ಅರ್ಧ ಲೀಟರಿಗೆ ನಾಲ್ಕು ದೊಡ್ಡ ಚಮಚ, ಉಪ್ಪು ಹಾಕದ ಹೊಸ ಗಂಜಿತಿಳಿಯನ್ನು ಆರಿಸಿ ಬೆರೆಸಿ. ಗಂಜಿ ಇಲ್ಲದ ಮನೆಯಾದರೆ (ಈಗ ಅಂಥವೂ ಇವೆ) ಲೀಟರಿಗೆ 5 ಗ್ರಾಂ ಲೆಕ್ಕದಲ್ಲಿ ಸಾಬಕ್ಕಿ ಪುಡಿಯನ್ನು ಬೇಯಿಸಿ ಹಾಕಿದರೂ ಆಗುತ್ತದೆ. ಮುಚ್ಚಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಒಂದು ರಾತ್ರಿ ಇಡಿ. ಹೊರಗಿಟ್ಟರೆ ಗೋವಾದವರ ದಾರಿ ಹಿಡಿಯುತ್ತದೆ! ಬೆಳಿಗ್ಗೆ ಒಗರೆಲ್ಲ ಮಡ್ಡಿಯಾಗಿ ತಳಕ್ಕೆ ಇಳಿದಿರುತ್ತದೆ. ಕಲಕದೆ ಮೇಲಿನ ತಿಳಿಯನ್ನು ಬಸಿದುಕೊಳ್ಳಿ.

ಇನ್ನು ಸಕ್ಕರೆ. ಸಿಹಿಗೆ ಮಾತ್ರವಲ್ಲ, ಮೃದುವಾಗಿಸುವುದೂ ಅದೇ. ಕಡಿಮೆಯಾದರೆ ಹಲ್ಲು ಮುರಿಯುವ ಐಸ್‌ಕ್ಯಾಂಡಿ, ಹೆಚ್ಚಾದರೆ ಗಟ್ಟಿಯೇ ಆಗದು. ಅರ್ಧ ಲೀಟರ್ ತಿಳಿರಸಕ್ಕೆ 160 ಗ್ರಾಂ ಸಕ್ಕರೆ, 100 ಮಿಲಿ ನೀರು. ಸಕ್ಕರೆ, ನೀರು, ಜಜ್ಜಿದ ಶುಂಠಿಯ ಸಣ್ಣ ತುಂಡು ಸೇರಿಸಿ ಕುದಿಸಿ, ಪೂರ್ತಿ ಆರಿದ ಮೇಲೆ ಸೋಸಿ ರಸಕ್ಕೆ ಹಾಕಿ. ಒಂದು ಲಿಂಬೆಯ ರಸ, ಚಿಟಿಕೆ ಉಪ್ಪು. ಸಕ್ಕರೆ ಸರಿಯಾಯಿತೇ ಎಂದು ನೋಡಲು ಹಳೆಯ ಪರೀಕ್ಷೆಯೊಂದಿದೆ: ಚೆನ್ನಾಗಿ ತೊಳೆದ ಹೊಸ ಕೋಳಿಮೊಟ್ಟೆಯನ್ನು ಮೆಲ್ಲ ಬಿಡಿ. ಒಂದು ನಾಣ್ಯದಷ್ಟು ಅಗಲ ಮೇಲೆ ಕಂಡರೆ ಸರಿ. ಮುಳುಗಿದರೆ ಸಕ್ಕರೆ ಸಾಲದು.

ಅಗಲ ಡಬ್ಬಿಯಲ್ಲಿ ಫ್ರೀಜರಿಗೆ ಇಡಿ. ಮುಕ್ಕಾಲು ಗಂಟೆಗೊಮ್ಮೆ ಫೋರ್ಕಿನಿಂದ ಅಂಚಿನ ಹರಳುಗಳನ್ನು ಕೆರೆದು ನಡುವಿಗೆ ತನ್ನಿ, ನಾಲ್ಕು ಸಲ ಸಾಕು. ಅಷ್ಟು ತಾಳ್ಮೆ ಇಲ್ಲದವರು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ, ಮರುದಿನ ಆ ತುಂಡುಗಳನ್ನು ಮಿಕ್ಸಿಗೆ ಹಾಕಿ ತಿರುಗಿಸಿ, ಮತ್ತೆ ಒಂದು ಗಂಟೆ ಫ್ರೀಜರಿನಲ್ಲಿಡಿ. ನಮಗೆ ಇದೇ ಮೇಲು. ಥಂಡಿಗೆ ರೋಗಾಣು ಸಾಯುವುದಿಲ್ಲವಾದ್ದರಿಂದ ಕುದಿಸಿದ ನೀರು, ತೊಳೆದ ಕೈ, ಒಣಗಿದ ಪಾತ್ರೆ ಮುಖ್ಯ. ಕರೆಂಟು ಹೋಗಿ ಪೂರ್ತಿ ಕರಗಿ ಬೆಚ್ಚಗಾದದ್ದನ್ನು ಮತ್ತೆ ಗಟ್ಟಿ ಮಾಡಿ ಮಕ್ಕಳಿಗೆ ಕೊಡಬೇಡಿ. ಹಣ್ಣಿನದ್ದೆಂದು ಸಕ್ಕರೆ ಕಾಯಿಲೆಯವರು ಬಟ್ಟಲು ತುಂಬಿಸಿಕೊಳ್ಳುವುದೂ ಬೇಡ, ಇದು ಸಿಹಿತಿಂಡಿಯೇ.

ಪಾಸ್ಕ ಹಬ್ಬದ ಊಟಕ್ಕೆ, ಮಕ್ಕಳ ಪ್ರಥಮ ಪರಮಪ್ರಸಾದದ ಮನೆ ಸಮಾರಂಭಕ್ಕೆ ಗೇರಿನ ಕಾಲ ಸರಿಯಾಗಿ ಕೂಡಿ ಬರುತ್ತದೆ. ಗೇರು ಮುಗಿದ ಮೇಲೆ ಕಾಟುಮಾವು, ಪುನರ್ಪುಳಿ, ಅನಾನಸು ಇವೆಯಲ್ಲ. ಇವಕ್ಕೆ ಗಂಜಿತಿಳಿ ಬೇಕಾಗಿಲ್ಲ. ಪುನರ್ಪುಳಿಗೆ ಲಿಂಬೆಯೂ ಬೇಡ, ಸಕ್ಕರೆ ಮಾತ್ರ ಧಾರಾಳ ಬೇಕು.

ಹಿಂಡಿ ಉಳಿದ ಚರಟವನ್ನು ತೆಂಗಿನ ಬುಡಕ್ಕೆ ಹಾಕಿ. ತಿರುಚಿಟ್ಟ ಬೀಜ ನೆನಪಿದೆ ತಾನೇ? ಎರಡು ಮೂರು ಬಿಸಿಲು ಕಾಯಿಸಿದ ಮೇಲೆಯೇ ಅಂಗಡಿಗೆ ಕೊಡಿ.