ಅಳಿಯದೆ ಉಳಿದದ್ದಕ್ಕೆ ಯಾರು ಹೊಣೆ?

ಹಳೆಯ ದಾಖಲೆಗಳನ್ನು ನೀನೇ ಅಳಿಸು ಎಂದು ಡೇಟಾಬೇಸಿಗೆ ಹೇಳಿಟ್ಟರೆ ನಮ್ಮ ಹೊಣೆ ತೀರಿತೇ? ಮಾಂಗೋಡಿಬಿಯ ಟಿಟಿಎಲ್ ಇಂಡೆಕ್ಸ್ ಬಳಸಿದವರು ತೀರಿತೆಂದು ಸಲೀಸಾಗಿ ಹೇಳಲಾರರು. ದಾಖಲೆಯಲ್ಲಿರುವ ದಿನಾಂಕದಿಂದ ಇಂತಿಷ್ಟು ಸೆಕೆಂಡು ಕಳೆಯಲಿ ಎಂದು ಗೊತ್ತುಮಾಡಿದರೆ, ಸರ್ವರು ಸಾಮಾನ್ಯವಾಗಿ 60 ಸೆಕೆಂಡಿಗೊಮ್ಮೆ ಸುತ್ತು ಹಾಕಿ ಅವಧಿ ಮೀರಿದವನ್ನು ತೆಗೆಯುತ್ತದೆ. ಒಟಿಪಿಯಂಥದ್ದಕ್ಕೆ ಈ ತಡವೂ ಹೆಚ್ಚೇ. ಅವಧಿ ಮುಗಿದಿದೆಯೇ ಎಂದು ಓದುವಾಗ ಪ್ರೋಗ್ರಾಮೂ ನೋಡಿಕೊಳ್ಳಬೇಕು.

ಎಡವಟ್ಟು ಹೆಚ್ಚಾಗಿ ಆಗುವುದು ದಿನಾಂಕದಲ್ಲೇ. ಆ ಫೀಲ್ಡಿನಲ್ಲಿ ಡೇಟ್ ಮಾದರಿಯ ಮೌಲ್ಯವೇ ಇರಬೇಕು. ಜಾವಾಸ್ಕ್ರಿಪ್ಟಿನಲ್ಲಿ ‘ನ್ಯೂ ಡೇಟ್’ ಬದಲು ‘ಡೇಟ್ ನೌ’ ಬರೆದರೆ ಸಿಗುವುದು 1970ರಿಂದೀಚಿನ ಮಿಲಿಸೆಕೆಂಡುಗಳ ಬರೀ ಸಂಖ್ಯೆ. ಜೇಸನ್ ದಾರಿಯಲ್ಲಿ ಬಂದ ‘2024-03-01’ ಬರೀ ಸ್ಟ್ರಿಂಗ್. ನಮ್ಮ ಕಣ್ಣಿಗದು ದಿನಾಂಕ, ಡೇಟಾಬೇಸಿಗಲ್ಲ. ಅದು ತಕರಾರೆತ್ತುವುದಿಲ್ಲ, ಆ ದಾಖಲೆಯನ್ನು ಮುಟ್ಟದೆ ಮುಂದೆ ಹೋಗುತ್ತದೆ. ಫೀಲ್ಡಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಇದೇ ಕಥೆ.

ಈ ಮೌನವನ್ನು ಬೈಯುವವರಿದ್ದಾರೆ. ನಾನು ಬೈಯಲಾರೆ: ಅನುಮಾನವಿದ್ದಾಗ ಅಳಿಸುವುದಕ್ಕಿಂತ ಇಟ್ಟುಕೊಳ್ಳುವುದೇ ವಾಸಿ. ಉಳಿದದ್ದನ್ನು ನಾಳೆ ಅಳಿಸಬಹುದು, ಅಳಿದದ್ದು ಬರಬೇಕಾದರೆ ಬ್ಯಾಕಪ್ ಇದ್ದವರು ಪುಣ್ಯವಂತರು. ಆದರೆ ಇಟ್ಟುಕೊಳ್ಳುವುದೂ ಈಗ ನಿರಪಾಯವಲ್ಲ. ಬೇರೆ ಕಾನೂನು ಇರಿಸಿಕೊಳ್ಳಲು ಹೇಳದಿದ್ದರೆ, ಉದ್ದೇಶ ತೀರಿದ ಮೇಲೆ ಜನರ ವೈಯಕ್ತಿಕ ಮಾಹಿತಿ ಅಳಿಸಬೇಕೆಂದು ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ‘ಇಂಡೆಕ್ಸ್ ಹಾಕಿದ್ದೆವಲ್ಲ’ ಎಂದರೆ ಅಳಿಸಿದಂತಾಗಲಿಲ್ಲ.

ಅಳಿದದ್ದಕ್ಕೆ ಪುರಾವೆ ಸಿಗದೆಯೂ ಇಲ್ಲ. ಸರ್ವರಿನ ಸ್ಥಿತಿ ಕೇಳಿದರೆ ಟಿಟಿಎಲ್ ಎಷ್ಟು ಸುತ್ತು ಹಾಕಿತು, ಎಷ್ಟು ದಾಖಲೆ ಅಳಿಸಿತು ಎಂಬ ಎರಡು ಎಣಿಕೆ ಬರುತ್ತವೆ. ಇವನ್ನು ಪ್ರೈಮರಿಯಲ್ಲಿ, ಅಂದರೆ ಮುಖ್ಯ ಸರ್ವರಿನಲ್ಲಿ, ನೋಡಬೇಕು. ಅವಧಿ ನೋಡಿ ಅಳಿಸುವುದು ಅದೊಂದೇ, ಅದರ ಪ್ರತಿಗಳಾದ ಸೆಕೆಂಡರಿಗಳು ಅದನ್ನು ಹಿಂಬಾಲಿಸುತ್ತವೆ. ಸುತ್ತು ಏರುತ್ತಿದ್ದರೂ ಅಳಿಸಿದ ಲೆಕ್ಕ ಕದಲದಿದ್ದರೆ ಫೀಲ್ಡನ್ನು ಅನುಮಾನಿಸಿ. ಸುತ್ತೇ ಏರದಿದ್ದರೆ ಯಾರೋ ಆ ಕೆಲಸವನ್ನೇ ಬಂದ್ ಮಾಡಿರಬಹುದು. ದೊಡ್ಡ ಡೇಟಾ ತುಂಬುವಾಗ ನಿಲ್ಲಿಸಿ ಮತ್ತೆ ಶುರುಮಾಡಲು ಮರೆಯುವುದುಂಟು.

ಈ ಎಣಿಕೆಯನ್ನು ಮೊದಲ ವಾರವೇ ನೋಡುವುದು ಲೇಸು. ವರ್ಷಗಟ್ಟಲೆ ಸೇರಿದ ಸ್ಟ್ರಿಂಗುಗಳನ್ನು ಒಂದೇ ಏಟಿಗೆ ಡೇಟ್ ಆಗಿ ಬದಲಿಸಿದರೆ, ಅವೆಲ್ಲ ಒಟ್ಟಿಗೇ ಅವಧಿ ಮೀರಿದವಾಗಿ ಅಳಿಸುವ ಹೊರೆ ಪ್ರೈಮರಿಯ ಮೇಲೆ ಬೀಳುತ್ತದೆ. ಆಗ ಸ್ವಲ್ಪಸ್ವಲ್ಪವೇ, ಬಳಕೆ ಕಡಿಮೆಯಿರುವ ಹೊತ್ತು ನೋಡಿ ಬದಲಿಸಬೇಕಾಗುತ್ತದೆ.