ವಿಶ್ವಾಸವು ದಾಯಭಾಗವೆ?

“ಮಕ್ಕಳಿಗೆ ಮತಬೋಧೆ ಬೇಡ, ಪ್ರಾಯಕ್ಕೆ ಬಂದಮೇಲೆ ಬೇಕಾದುದನ್ನು ತಾವೇ ಆರಿಸಿಕೊಳ್ಳಲಿ” ಎಂಬ ಮಾತು ಈಚೆಗೆ ವಿದ್ಯಾವಂತರ ಮನೆಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ನನ್ನ ಹಳೆಯ ಶಿಷ್ಯರೂ ಕ್ರೈಸ್ತ ಗೃಹಸ್ಥರೂ ಆದ ಒಬ್ಬರು ಇದನ್ನೇ ಔದಾರ್ಯವೆಂದು ನನ್ನೆದುರು ಪ್ರತಿಪಾದಿಸಿದರು. ನಾನು ಆ ಮತದವನಲ್ಲ; ಆದರೂ ಈ ವಾದವನ್ನು ಒಪ್ಪಲಾರೆನು.

ಮಗುವಿಗೆ ಕನ್ನಡವನ್ನು ಕಲಿಸುವಾಗ ಅದರ ಅನುಮತಿಯನ್ನು ಯಾರು ಕೇಳಿದರು? ಯಾವ ಭಾಷೆಯನ್ನೂ ಕೊಡದೆ “ದೊಡ್ಡವನಾಗಿ ಆರಿಸಿಕೊ” ಎಂದರೆ ಅದು ಸ್ವಾತಂತ್ರ್ಯವಲ್ಲ, ಮೂಕತನ. ಒಂದನ್ನು ಚೆನ್ನಾಗಿ ಬಲ್ಲವನೇ ಇನ್ನೊಂದನ್ನು ತೂಗಿ ನೋಡಬಲ್ಲನು. ತೈತ್ತಿರೀಯದ ಶೀಕ್ಷಾವಲ್ಲಿಯು ಆಚಾರ್ಯನಿಗಿಂತ ಮೊದಲು ತಾಯಿತಂದೆಗಳನ್ನು ನಿಲ್ಲಿಸಿದೆ. ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯೂ ಅವನ ವಿಶ್ವಾಸವು ಮೊದಲು ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ನೆಲಸಿದ್ದುದನ್ನು ಸ್ಮರಿಸುತ್ತದೆ.

ನಮ್ಮ ಸೀಮೆಯ ಚರಿತ್ರೆಯನ್ನೇ ನೋಡಿರಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಗೆ ಬಂದನು. 1831ರಲ್ಲಿ ಸಂಪೂರ್ಣ ಬೈಬಲು ಕನ್ನಡದಲ್ಲಿ ಅಚ್ಚಾಯಿತು. 1894ರ ನಿಘಂಟಿನ ಕರ್ತೃವಾದ ಕಿಟ್ಟೆಲನು ಕ್ರಿಸ್ತಚರಿತೆಯನ್ನು ನಮ್ಮ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ಯಾಗಿ ಹೆಣೆದನು. ಮನೆಮಾತಿನಲ್ಲಿ ಬಾರದ ವಿಶ್ವಾಸವು ಮನೆಯನ್ನು ಹೊಗದೆಂಬುದನ್ನು ಪರದೇಶದವರಾದರೂ ಅವರು ಅರಿತಿದ್ದರು. ನನ್ನ ಶಿಷ್ಯರ ಮನೆಯಲ್ಲಿ ಈಗ ಗ್ರಂಥವು ಕಪಾಟಿನಲ್ಲಿದೆ; ಬೋಧೆಯನ್ನು ಭಾನುವಾರದ ಒಂದು ಗಂಟೆಗೆ ಗುತ್ತಿಗೆ ಕೊಟ್ಟಾಗಿದೆ. ಅಜ್ಜಿಯ ಕನ್ನಡ ಪ್ರಾರ್ಥನೆಯು ಮೊಮ್ಮಗನಿಗೆ ತಿಳಿಯದು. ಮೊಮ್ಮಗನ ಇಂಗ್ಲಿಷ್ ಪ್ರಾರ್ಥನೆಯು ಅಜ್ಜಿಗೆ ತಿಳಿಯದು.

ಹಾಗಾದರೆ ಬಲಾತ್ಕಾರವು ಸಲ್ಲುವುದೆ? ಸರ್ವಥಾ ಸಲ್ಲದು. 1947ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯು ಶಿಶುಗಳಿಗೆ ದೀಕ್ಷಾಸ್ನಾನವನ್ನು ಕೊಟ್ಟರೂ, ಬೆಳೆದಮೇಲೆ ಅವರೇ ತಮ್ಮ ಬಾಯಿಂದ ವಿಶ್ವಾಸವನ್ನು ಒಪ್ಪಿಕೊಳ್ಳುವ ದೃಢೀಕರಣ ವಿಧಿಯನ್ನು ಇಟ್ಟುಕೊಂಡಿದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೆಯ ಅನುಚ್ಛೇದವೂ ಮಗುವಿನ ಮನಸ್ಸಾಕ್ಷಿಯನ್ನೂ, ಅದಕ್ಕೆ ದಾರಿತೋರುವ ತಾಯಿತಂದೆಗಳ ಹಕ್ಕು ಕರ್ತವ್ಯಗಳನ್ನೂ ಒಟ್ಟಿಗೇ ಹೇಳಿದೆ. ಕೊಡುವುದು ಹಿರಿಯರ ಧರ್ಮ. ಪ್ರಶ್ನಿಸುವುದು ಕಿರಿಯರ ಅಧಿಕಾರ.

ಇದನ್ನು ನಾನು ತಡವಾಗಿ ಕಲಿತೆನು. ಬಾಲ್ಯದಲ್ಲಿ ಮಂತ್ರದ ಅರ್ಥವನ್ನು ಕೇಳಿದರೆ ನನಗೆ ಬೆತ್ತವೇ ಉತ್ತರವಾಗಿತ್ತು. ನನ್ನ ಮಕ್ಕಳಿಗೂ ನಾನು ಅದೇ ಉತ್ತರವನ್ನು ಕೊಟ್ಟೆನು. ಇಂದು ಅವರಲ್ಲಿ ಒಬ್ಬನೂ ಸಂಧ್ಯಾವಂದನೆಗೆ ಕುಳಿತುಕೊಳ್ಳುವುದಿಲ್ಲ. ದೋಷವು ಕಾಲದ್ದಲ್ಲ, ನನ್ನದು.

ಹೊಲವನ್ನು ಬರೆದುಕೊಟ್ಟರೆ ಅದು ಮಗನದಾಗುವುದು. ವಿಶ್ವಾಸವು ಅಂತಹ ದಾಯಭಾಗವಲ್ಲ. ತಂದೆಯು ತಾನು ಉತ್ತು ತೋರಿಸಬೇಕು. ಬಿತ್ತುವುದು ಬಿಡುವುದು ಮಗನ ಇಚ್ಛೆ. ತಾನೇ ಉಳದೆ ಬೀಳುಬಿಟ್ಟು, “ನೀನೇ ಆರಿಸಿಕೊ” ಎನ್ನುವುದು ಔದಾರ್ಯವಲ್ಲ, ಆಲಸ್ಯ.