ಪತ್ತೆಯಾದರೂ ಮನೆ ಸೇರದ ಕಾರು

ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಯ ನಮ್ಮ ಮನೆಯಂಗಳದಿಂದ ಕೆಲ ವರ್ಷಗಳ ಹಿಂದೆ ಕಳುವಾದ ತಂದೆಯವರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಎಂಟೇ ದಿನಗಳಲ್ಲಿ ಪರಜಿಲ್ಲೆಯೊಂದರಲ್ಲಿ ಪತ್ತೆಯಾಯಿತು. ಮದರಾಸಿನಲ್ಲಿ 1961ರಿಂದ ತಯಾರಾದ ಈ ಕಾರುಗಳು ಈಗ ಅಪರೂಪ. ಕದ್ದವನಿಗೆ ಬಚ್ಚಿಡುವುದೇ ಕಷ್ಟ. ಆದರೆ ಅದು ಮನೆ ಸೇರುವಷ್ಟರಲ್ಲಿ ಮಳೆಗಾಲವೊಂದು ಕಳೆದು, ಠಾಣೆಯ ಬಯಲಿನಲ್ಲಿ ನೆನೆದ ತಳಕ್ಕೆ ತುಕ್ಕು ಹಿಡಿದಿತ್ತು.

ವಶಪಡಿಸಿಕೊಂಡ ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಇಡುವುದು ನಿರರ್ಥಕ, ಛಾಯಾಚಿತ್ರ, ಪಂಚನಾಮೆ, ಮುಚ್ಚಳಿಕೆ ಪಡೆದು ಬಿಡುಗಡೆ ಮಾಡಬೇಕು ಎಂದು ಸುಪ್ರೀಂ ಕೋರ್ಟು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮು ನ್ಯಾಯಾಲಯಕ್ಕೆ ಕಾಲಮಿತಿಯನ್ನೂ ವಿಧಿಸಿದೆ: ಸ್ವತ್ತಿನ ವಿವರಪಟ್ಟಿಗೆ 14 ದಿನ, ಅನಂತರ ವಿಲೇವಾರಿ ಆದೇಶಕ್ಕೆ 30 ದಿನ.

ಅಧಿಕಾರದಲ್ಲಿದ್ದಾಗ ಕಡತಗಳನ್ನು ತಡೆಹಿಡಿದವರಲ್ಲಿ ನಾನೂ ಒಬ್ಬ. ವಿಳಂಬದ ವೆಚ್ಚ ಯಾವ ಲೆಕ್ಕಪತ್ರಕ್ಕೂ ಬರುವುದಿಲ್ಲ. ಅದನ್ನು ತೆರುವವನು ನಾಗರಿಕ. ಈ ಗಡುವು ಮೀರದಂತೆ ನೋಡಿಕೊಳ್ಳುವ ಹೊಣೆಯನ್ನು ಪ್ರತಿ ಠಾಣೆಯಲ್ಲೂ ಒಬ್ಬ ಅಧಿಕಾರಿಗೆ ಸರ್ಕಾರ ವಹಿಸಲಿ.